ಫೈನಲ್ ಮುಗಿದ ಮೇಲೆ ಆಡಿದ ಸೆಮಿಫೈನಲ್

ಮೊದಲು ಸೆಮಿಫೈನಲ್, ಆಮೇಲೆ ಫೈನಲ್. ಹಳ್ಳಿಯ ಟೂರ್ನಿಯಲ್ಲೂ ಈ ಕ್ರಮ ತಪ್ಪುವುದಿಲ್ಲ. 1939ರ ಮಾಸ್ಕೋದಲ್ಲಿ ತಪ್ಪಿತು. ಆ ವರ್ಷದ ಸೋವಿಯತ್ ಕಪ್ ಸೆಮಿಫೈನಲ್‌ನಲ್ಲಿ ಸ್ಪಾರ್ಟಕ್ ಮಾಸ್ಕೋ ತಂಡ ಡೈನಮೊ ಟಿಬಿಲಿಸಿಯನ್ನು 1–0ಯಿಂದ ಸೋಲಿಸಿತು. ಸೆಪ್ಟೆಂಬರ್ 12ರಂದು ಫೈನಲ್ ಆಡಿ, ಲೆನಿನ್‌ಗ್ರಾಡ್‌ನ ತಂಡವನ್ನು 3–1ರಿಂದ ಮಣಿಸಿ ಕಪ್ ಗೆದ್ದಿತು. ಕಪ್ ಕೈಸೇರಿದ ಮೇಲೆ ಆದೇಶ ಬಂತು: ಸೆಮಿಫೈನಲ್ ಮತ್ತೆ ಆಡಿ. ಆ ಒಂದು ಗೋಲಿನ ಚೆಂಡು ಗೆರೆ ದಾಟಿತ್ತೋ ಇಲ್ಲವೋ ಎಂಬ ತಕರಾರು ಅದಕ್ಕೆ ನೆಪ.

ಸೆಪ್ಟೆಂಬರ್ 30ರಂದು ಮರುಪಂದ್ಯ ನಡೆಯಿತು. ಗಣ್ಯರ ಸಾಲಿನಲ್ಲಿ ರಹಸ್ಯ ಪೊಲೀಸ್ ಮುಖ್ಯಸ್ಥ ಲಾವ್ರೆಂತಿ ಬೇರಿಯಾ ಕುಳಿತಿದ್ದ. ಆತ ಜಾರ್ಜಿಯಾದವನು, ಡೈನಮೊ ಕ್ಲಬ್‌ಗಳೆಲ್ಲ ಅವನ ಇಲಾಖೆಯ ಆಸರೆಯಲ್ಲಿದ್ದವು. ಸ್ಪಾರ್ಟಕ್‌ನ ಗಿಯೊರ್ಗಿ ಗ್ಲಾಜ್ಕೊವ್ ಒಬ್ಬನೇ ಮೂರು ಗೋಲು ಹೊಡೆದ. 3–2. ಕಪ್ ಸ್ಪಾರ್ಟಕ್ ಬಳಿಯೇ ಉಳಿಯಿತು. ಬೇರಿಯಾ ಕುರ್ಚಿಯನ್ನು ಒದ್ದು ಎದ್ದು ಹೋದ ಎಂದು ಕ್ಲಬ್‌ನ ಸ್ಥಾಪಕರಲ್ಲಿ ಹಿರಿಯರಾದ ನಿಕೊಲಾಯ್ ಸ್ತಾರೊಸ್ತಿನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಅಷ್ಟು ಸಿಟ್ಟು ಯಾಕೆ ಎಂಬುದು ತಿಳಿಯಬೇಕಾದರೆ ಆ ಕಾಲದ ಮಾಸ್ಕೋ ಫುಟ್‌ಬಾಲ್ ಯಾರ ಕೈಯಲ್ಲಿತ್ತು ಎಂದು ನೋಡಬೇಕು. ಡೈನಮೊ ಪೊಲೀಸರದು. ಇಂದು ಸಿಎಸ್‌ಕೆಎ ಎನ್ನುವ ತಂಡ ಸೇನೆಯದು. ಲೊಕೊಮೊಟಿವ್ ರೈಲ್ವೆಯದು, ಟಾರ್ಪೆಡೊ ಮೋಟಾರು ಕಾರ್ಖಾನೆಯದು. ಸ್ಪಾರ್ಟಕ್‌ನ ಬೆನ್ನಿಗಿದ್ದದ್ದು ಕುಶಲಕರ್ಮಿಗಳ, ಸಣ್ಣ ಅಂಗಡಿಯವರ ಸಹಕಾರ ಸಂಘಗಳು. ಸಮವಸ್ತ್ರವಿಲ್ಲದ, ಅಧಿಕಾರವಿಲ್ಲದ ಮನುಷ್ಯ ಭಾನುವಾರ ಯಾರ ಪರ ಕೂಗಬೇಕು? ಅವನು ಆರಿಸಿಕೊಂಡದ್ದು ಈ ಕೆಂಪು ಅಂಗಿಯ ಮೇಲೆ ಬಿಳಿ ಪಟ್ಟಿಯ ತಂಡವನ್ನು. ಅದಕ್ಕೇ ಇದು ‘ಜನರ ತಂಡ’ವಾಯಿತು.

ಇದನ್ನು ಕಟ್ಟಿದವರು ನಿಕೊಲಾಯ್, ಅಲೆಕ್ಸಾಂದರ್, ಆಂದ್ರೇ, ಪ್ಯೋತರ್ ಎಂಬ ನಾಲ್ವರು ಸ್ತಾರೊಸ್ತಿನ್ ಅಣ್ಣತಮ್ಮಂದಿರು. 1922ರಲ್ಲಿ ಬಡಾವಣೆಯೊಂದರ ಕ್ರೀಡಾಕೂಟವಾಗಿ ಹುಟ್ಟಿದ ತಂಡಕ್ಕೆ 1935ರಲ್ಲಿ ಹೊಸ ಹೆಸರು ಬೇಕಾಯಿತು. ಇಟಲಿಯ ಜೊವಾನ್ಯೋಲಿ ಬರೆದ ಸ್ಪಾರ್ಟಕಸ್ ಕಾದಂಬರಿ ನಿಕೊಲಾಯ್ ಕಣ್ಣಿಗೆ ಬಿತ್ತು. ರೋಮಿನ ವಿರುದ್ಧ ದಂಗೆಯೆದ್ದ ಗುಲಾಮನ ಹೆಸರು ಹೀಗೆ ಒಂದು ಫುಟ್‌ಬಾಲ್ ತಂಡಕ್ಕೆ ಬಂತು. ಹೆಸರಿಗೆ ತಕ್ಕ ಹಣೆಬರಹವೂ ಹಿಂದೆಯೇ ಬಂತು.

1936ರ ಜುಲೈ 6ರಂದು ರೆಡ್ ಸ್ಕ್ವೇರ್‌ನ ಕಲ್ಲುಹಾಸಿನ ಮೇಲೆ ಹಸಿರು ಫೆಲ್ಟ್ ಬಟ್ಟೆಯ ಭಾರಿ ಜಮಖಾನ ಹಾಸಿ, ಸ್ಟಾಲಿನ್ ಎದುರು ಫುಟ್‌ಬಾಲ್ ಆಡಿ ತೋರಿಸಿದವರೂ ಇವರೇ. ಯುವಜನ ಸಂಘದ ನಾಯಕ ಕೊಸರೆವ್ ಬಿಳಿ ಕರವಸ್ತ್ರ ಹಿಡಿದು ನಿಂತಿದ್ದರು. ಸ್ಟಾಲಿನ್‌ಗೆ ಬೇಸರವಾದರೆ ಕರವಸ್ತ್ರ ಬೀಸುವುದು, ಆಟ ನಿಲ್ಲಿಸುವುದು ಎಂಬುದು ಒಪ್ಪಂದ. ಅರ್ಧ ಗಂಟೆಗೆಂದು ಗೊತ್ತಾದ ಆಟ 43 ನಿಮಿಷ ನಡೆಯಿತು, ಕರವಸ್ತ್ರ ಅಲುಗಲಿಲ್ಲ. 1939ರಲ್ಲಿ ಕೊಸರೆವ್‌ರನ್ನೇ ಗುಂಡಿಟ್ಟು ಕೊಂದರು. ಕಾಯುವವರಿಲ್ಲದ ನಾಲ್ವರು ಸ್ತಾರೊಸ್ತಿನ್‌ರನ್ನೂ 1942ರಲ್ಲಿ ಬಂಧಿಸಿ, ಹತ್ತು ವರ್ಷಗಳ ಶಿಕ್ಷೆ ಕೊಟ್ಟು ಶಿಬಿರಗಳಿಗೆ ಕಳಿಸಿದರು. ಶಿಬಿರದ ಅಧಿಕಾರಿಗಳಿಗೆ ತಂತಮ್ಮ ತಂಡ ಗೆಲ್ಲಬೇಕೆಂಬ ಹುಚ್ಚು. ನಿಕೊಲಾಯ್ ಅವರ ತಂಡಗಳಿಗೆ ಕೋಚ್ ಆದರು. ಜೈಲಿಗೆ ತಂದ ಫುಟ್‌ಬಾಲೇ ಅವರ ಜೀವ ಉಳಿಸಿತು.

ಸ್ಟಾಲಿನ್ ಸತ್ತ ಮೇಲೆ ಬಿಡುಗಡೆಯಾಗಿ ಮರಳಿದ ನಿಕೊಲಾಯ್ ಮತ್ತೆ ಕ್ಲಬ್‌ನ ಚುಕ್ಕಾಣಿ ಹಿಡಿದರು. ಆಗ ಬಂದದ್ದು ಸ್ಪಾರ್ಟಕ್‌ನ ಹೊನ್ನಿನ ಕಾಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಫೈನಲ್‌ಗೆ ಇಳಿದ ಸೋವಿಯತ್ ತಂಡದ 11 ಮಂದಿಯಲ್ಲಿ 8 ಮಂದಿ ಸ್ಪಾರ್ಟಕ್‌ನವರು. ನಾಯಕ ಈಗರ್ ನೆಟ್ಟೊ, ಏಕೈಕ ಗೋಲು ಹೊಡೆದ ಅನತೋಲಿ ಇಲ್ಯಿನ್ ಇಬ್ಬರೂ ಅದೇ ಕ್ಲಬ್. ಸೋತ ತಂಡ ಯುಗೊಸ್ಲಾವಿಯಾ. ಸೆಮಿಫೈನಲ್‌ನಲ್ಲಿ ಭಾರತವನ್ನು 4–1ರಿಂದ ಸೋಲಿಸಿ ಬಂದದ್ದು ಅದೇ ಯುಗೊಸ್ಲಾವಿಯಾ. ನಾಲ್ಕನೇ ಸ್ಥಾನ ಪಡೆದ ಆ ಭಾರತ ತಂಡದಲ್ಲಿ ನಮ್ಮ ಬೆಂಗಳೂರಿನ ಎಂ. ಕೆಂಪಯ್ಯ ಇದ್ದರು.

ಆಗಿನ ನಿಯಮದಂತೆ ಫೈನಲ್ ಆಡಿದವರಿಗೆ ಮಾತ್ರ ಪದಕ. ಸ್ಪಾರ್ಟಕ್‌ನ ನಿಕಿತಾ ಸಿಮೊನ್ಯಾನ್ ಆಡಿದ್ದು ಆ ಒಂದೇ ಪಂದ್ಯ, ಟಾರ್ಪೆಡೊದ ಯುವಕ ಸ್ತ್ರೆಲ್ತ್ಸೊವ್‌ನ ಜಾಗದಲ್ಲಿ. ಚಿನ್ನವನ್ನು ಅವನಿಗೇ ಕೊಡಲು ಹೋದರು, ಅವನು ಒಪ್ಪಲಿಲ್ಲ. 1950ರ ಲೀಗ್‌ನಲ್ಲಿ 34 ಗೋಲು ಹೊಡೆದವರು ಈ ಸಿಮೊನ್ಯಾನ್. ಆ ದಾಖಲೆ 35 ವರ್ಷ ಮುರಿಯದೆ ನಿಂತಿತು.

ಇಷ್ಟಾಗಿ 1976ರಲ್ಲಿ ಇದೇ ತಂಡ ಕೆಳ ದರ್ಜೆಗೆ ಜಾರಿತು. ಎತ್ತಿ ನಿಲ್ಲಿಸಲು ಬಂದವರು, ಬದ್ಧವೈರಿ ಡೈನಮೊದಲ್ಲಿ ಆಡಿ ಬೆಳೆದ ಕೋಚ್ ಕೊನ್‌ಸ್ತಾಂತಿನ್ ಬೆಸ್ಕೊವ್. 1977ರಲ್ಲಿ ಮೇಲೆ ಬಂದ ಸ್ಪಾರ್ಟಕ್ 1979ಕ್ಕೆ ಮತ್ತೆ ಚಾಂಪಿಯನ್.

ಒಂದು ದಿನವನ್ನು ಮಾತ್ರ ಆತುರದಲ್ಲಿ ದಾಟಲಾಗದು. 1982ರ ಅಕ್ಟೋಬರ್ 20, ಲುಜ್ನಿಕಿ ಕ್ರೀಡಾಂಗಣ. ಹಾಲೆಂಡಿನ ಹಾರ್ಲೆಮ್ ವಿರುದ್ಧ ಯುಇಎಫ್‌ಎ ಕಪ್ ಪಂದ್ಯ. ಮೈ ಕೊರೆಯುವ ಚಳಿ, ಹಿಮ ಮೆತ್ತಿದ ಮೆಟ್ಟಿಲು. ಜನ ಮನೆ ಕಡೆ ಹೊರಟಿದ್ದಾಗ ಕೊನೆಯ ಕ್ಷಣದಲ್ಲಿ ಶ್ವೆತ್ಸೊವ್ ಎರಡನೇ ಗೋಲು ಹೊಡೆದ. ಆ ಹೊತ್ತಿಗೇ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಉರುಳಿಬಿದ್ದರು. ಸತ್ತವರು 66 ಮಂದಿ; ಹೆಚ್ಚಿನವರು ಹದಿಹರೆಯದವರು. ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲಿನಷ್ಟು ಸುದ್ದಿ. ಸತ್ಯ ಅಚ್ಚಾಗಲು 1989 ಬರಬೇಕಾಯಿತು. ಆ ಗೋಲು ಹೊಡೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಶ್ವೆತ್ಸೊವ್ ಮುಂದೆ ಹಲುಬಿದರು.

ಇನ್ನು ಅಂಕಿಗಳು. ಸೋವಿಯತ್ ಲೀಗ್ 12 ಬಾರಿ, ಸೋವಿಯತ್ ಕಪ್ 10 ಬಾರಿ. ರಷ್ಯನ್ ಲೀಗ್‌ನ ಮೊದಲ ಹತ್ತು ವರ್ಷಗಳಲ್ಲಿ, 1995ನ್ನು ಬಿಟ್ಟರೆ, 9 ಬಾರಿ ಚಾಂಪಿಯನ್. ಅದರಲ್ಲಿ 8 ಬಾರಿ ಕೋಚ್ ಒಲೆಗ್ ರೊಮಾಂತ್ಸೆವ್. 1995ರ ಚಾಂಪಿಯನ್ಸ್ ಲೀಗ್ ಗುಂಪಿನ ಆರಕ್ಕೆ ಆರೂ ಪಂದ್ಯ ಗೆದ್ದದ್ದೂ ಈ ತಂಡವೇ. ಆ ಹತ್ತು ವರ್ಷಗಳಾದ ಮೇಲೆ ಬರ. ಮುಂದಿನ ಲೀಗ್ ಕಿರೀಟ ಸಿಕ್ಕಿದ್ದು 2017ರಲ್ಲಿ, ಇಟಲಿಯ ಮಾಸ್ಸಿಮೊ ಕರ್ರೇರಾ ಕೋಚ್ ಆಗಿದ್ದಾಗ.

ದಾಖಲೆ ಪುಸ್ತಕದಲ್ಲಿ ಈ ಎಲ್ಲ ಕಿರೀಟಗಳಿಗೂ ಒಂದೇ ಅಳತೆಯ ಸಾಲು. ನನ್ನ ತೂಕ ಬೇರೆ. ರೊಮಾಂತ್ಸೆವ್‌ರ ಗೆಲುವುಗಳೆಲ್ಲ ಒಂದು ತಕ್ಕಡಿಯಲ್ಲಿರಲಿ, 1939ರ ಕಪ್ ಇನ್ನೊಂದರಲ್ಲಿರಲಿ, 1939ರದೇ ಭಾರ. ಸೋತಿದ್ದರೆ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದ ಪಂದ್ಯವನ್ನು ಆ ಹನ್ನೊಂದು ಮಂದಿ ಗೆಲ್ಲಲೆಂದೇ ಆಡಿದರು. ಅದಕ್ಕಿಂತ ದೊಡ್ಡ ದಾಖಲೆ ಸ್ಪಾರ್ಟಕ್‌ಗೆ ಇಲ್ಲ.