ವ್ಯತ್ಯಾಸವೂ ಅವನತಿಯೂ: ಎಚ್.ಐ.ವಿ. ಸೋಂಕಿತರ ಮೆದುಳಿನ ಚಿತ್ರಗಳ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ

ಎಚ್.ಐ.ವಿ. ಸೋಂಕು ದೇಹದ ರೋಗನಿರೋಧಕ ಶಕ್ತಿಯನ್ನು ಮಾತ್ರವಲ್ಲದೆ ಮೆದುಳನ್ನೂ ಬಾಧಿಸಬಲ್ಲುದೆಂಬುದು ನಿರ್ವಿವಾದವಾದ ಸಂಗತಿ. 1996ರ ಸುಮಾರಿಗೆ ಸಂಯುಕ್ತ ಔಷಧ ಚಿಕಿತ್ಸೆ ಬಳಕೆಗೆ ಬರುವುದಕ್ಕೆ ಮುನ್ನ ಅನೇಕ ರೋಗಿಗಳು ತೀವ್ರವಾದ ಮರೆವಿಗೂ ಚಲನೆಯ ಮಾಂದ್ಯಕ್ಕೂ ತುತ್ತಾದರು. ಚಿಕಿತ್ಸೆ ದೊರೆತಲ್ಲಿ ಅಂತಹ ತೀವ್ರರೂಪ ಈಗ ವಿರಳವಾಗಿದೆ. ವಿದ್ವಾಂಸರ ಗಮನ ಸೌಮ್ಯರೂಪಗಳತ್ತ ಹರಿದಿದೆ. ಅವನ್ನು ಗುರುತಿಸುವ ಕಾರ್ಯದಲ್ಲಿ ಎಂ.ಆರ್.ಐ. ಚಿತ್ರಗಳೂ ಅವುಗಳ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯೂ ಮುಖ್ಯ ಸ್ಥಾನವನ್ನು ಪಡೆದಿವೆ. ವೈದ್ಯರ ನಿದಾನವನ್ನು ಪ್ರಶ್ನಿಸುವ ಅಧಿಕಾರ ಇತಿಹಾಸದ ಅಭ್ಯಾಸಿಗಳಾದ ನಮಗಿಲ್ಲ. ಆದರೆ ಈ ಪ್ರಬಂಧಗಳಲ್ಲಿ ಪದೇ ಪದೇ ಬರುವ ‘ಅವನತಿ’ ಎಂಬ ಶಬ್ದ ಕಾಲವನ್ನು ಕುರಿತದ್ದು; ಕಾಲದ ಸಾಕ್ಷ್ಯವನ್ನು ತೂಗಿ ನೋಡುವುದು ನಮ್ಮ ಶಾಸ್ತ್ರದ ಕೆಲಸವೇ ಸರಿ.

ನಮ್ಮ ಸೀಮೆಯಿಂದಲೇ ಒಂದು ದೃಷ್ಟಾಂತವನ್ನು ಕೊಡಬಹುದು. ಅಳದಂಗಡಿಯಲ್ಲಿ ಅಜಿಲರ ಅರಮನೆಯಿದೆ. ಮೂಡುಬಿದಿರೆಯಲ್ಲಿ ಚೌಟರ ಅರಮನೆಯಿದೆ. ವಿದ್ಯಾರ್ಥಿಯೊಬ್ಬನು ಇವೆರಡನ್ನೂ ಅಳೆದು, ಒಂದು ಇನ್ನೊಂದಕ್ಕಿಂತ ಕಿರಿದೆಂದು ಕಂಡು, ಆ ಕಿರಿಯ ಅರಮನೆಯ ಮನೆತನ ಅವನತಿ ಹೊಂದಿತೆಂದು ಬರೆದನೆನ್ನೋಣ. ಅವನು ಕಂಡುದು ವ್ಯತ್ಯಾಸ, ಬರೆದುದು ಅವನತಿ. 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅಜಿಲರ ಸ್ಥಿತಿಯನ್ನು ಅದೇ ಅಜಿಲರ ಮುಂದಿನ ಕಾಲದ ದಾಖಲೆಗಳೊಡನೆ ಹೋಲಿಸಬೇಕೇ ಹೊರತು ಚೌಟರ ಅರಮನೆಯ ಕಂಬಗಳೊಡನೆ ಅಲ್ಲ.

ಇದೇ ಕಣ್ಣಿನಿಂದ ಪಾಲ್ ಥಾಮ್ಸನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವನ್ನು ನೋಡೋಣ. 26 ಮಂದಿ ಏಡ್ಸ್ ರೋಗಿಗಳ ಮೆದುಳಿನ ಚಿತ್ರಗಳನ್ನು ಸೋಂಕಿಲ್ಲದ 14 ಮಂದಿಯ ಚಿತ್ರಗಳೊಡನೆ ಅವರು ಹೋಲಿಸಿದರು. ಸ್ಪರ್ಶ ಹಾಗೂ ಚಲನೆಗೆ ಸಂಬಂಧಿಸಿದ ಭಾಗಗಳಲ್ಲಿ ರೋಗಿಗಳ ಮೆದುಳಿನ ಹೊರಪದರ ಶೇಕಡ 15ರಷ್ಟು ತೆಳುವಾಗಿದ್ದಿತು. ಹಾನಿ ಎಲ್ಲೆಡೆಯೂ ಸಮನಾಗಿಲ್ಲವೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದುದು ಈ ಪ್ರಬಂಧದ ಹಿರಿಮೆ. ಆದರೂ ಇಲ್ಲಿ ಸೋಂಕಿಲ್ಲದ 14 ಮಂದಿಯ ವರ್ತಮಾನವು 26 ಮಂದಿ ರೋಗಿಗಳ ಭೂತಕಾಲದ ಸ್ಥಾನದಲ್ಲಿ ನಿಂತಿದೆ. ಆ ರೋಗಿಗಳ ಶಿಕ್ಷಣ, ಪೋಷಣೆ, ಬಡತನ, ಮದ್ಯಪಾನ, ಇತರ ರೋಗಗಳು ಇವೆಲ್ಲವೂ ಸೋಂಕಿಗೆ ಮೊದಲೇ ಇದ್ದಿರಬಹುದಾದ ಸಂಗತಿಗಳು. ಒಂದೇ ದಿನದ ಚಿತ್ರ ಇವನ್ನು ಸೋಂಕಿನ ಪರಿಣಾಮದಿಂದ ಬೇರ್ಪಡಿಸಲಾರದು.

ಈ ಆಕ್ಷೇಪ ಕೇವಲ ತಾರ್ಕಿಕವಾದುದಲ್ಲ. ಸ್ಯಾನ್‌ಫರ್ಡ್ ಮತ್ತು ಸಂಗಡಿಗರು ಒಬ್ಬೊಬ್ಬರ ಮೆದುಳನ್ನೂ ಸುಮಾರು ಎರಡು ವರ್ಷಗಳ ಅಂತರದಲ್ಲಿ ಎರಡು ಬಾರಿ ಚಿತ್ರಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ಅಳತೆಯಲ್ಲಿ ಸೋಂಕಿತರಿಗೂ ಇತರರಿಗೂ ವ್ಯತ್ಯಾಸವಿದ್ದಿತು. ಆದರೆ ಚಿಕಿತ್ಸೆಯಿಂದ ವೈರಾಣು ಹತೋಟಿಯಲ್ಲಿದ್ದವರಲ್ಲಿ ಆ ಅವಧಿಯ ಬದಲಾವಣೆ ಸೋಂಕಿಲ್ಲದವರದಕ್ಕಿಂತ ಹೆಚ್ಚಾಗಿರಲಿಲ್ಲ. ಎಂದರೆ, ವ್ಯತ್ಯಾಸವಿದ್ದಿತು, ಮುಂದುವರಿಯುತ್ತಿರುವ ಅವನತಿ ಕಾಣಲಿಲ್ಲ. ಚಿಕಿತ್ಸೆಗೆ ಮುನ್ನ ಆದ ಹಾನಿ ಅಲ್ಲಿಗೇ ನಿಂತಿರಬಹುದು. ಇದು ರೋಗಿಗೆ ಧೈರ್ಯವನ್ನು ಕೊಡುವ ವಾರ್ತೆ; ಚಿಕಿತ್ಸೆಯನ್ನು ಬೇಗನೆ ಆರಂಭಿಸಬೇಕೆಂಬುದಕ್ಕೆ ಆಧಾರವೂ ಹೌದು.

ಇನ್ನು ವ್ಯತ್ಯಾಸವೇ ನಿಜವೇ ಎಂಬ ಪ್ರಶ್ನೆ. ಚಿತ್ರವೊಂದರಲ್ಲಿ ಲಕ್ಷದಷ್ಟು ಬಿಂದುಗಳಿದ್ದು, ಪ್ರತಿಯೊಂದನ್ನೂ ಶೇಕಡ 5ರ ಮಿತಿಯಲ್ಲಿ ಪರೀಕ್ಷಿಸಿದರೆ, ಏನೂ ವ್ಯತ್ಯಾಸವಿಲ್ಲದಿದ್ದರೂ 5,000 ಬಿಂದುಗಳು ಆಕಸ್ಮಿಕವಾಗಿ ಬೆಳಗುತ್ತವೆ. ಇದನ್ನು ತಿದ್ದುವ ವಿಧಾನಗಳುಂಟು. ಆದರೆ ಮೆದುಳಿನ ಕ್ರಿಯಾಚಿತ್ರಗಳಲ್ಲಿ ಬಳಕೆಯಲ್ಲಿದ್ದ ಕೆಲವು ತಿದ್ದುಪಡಿಗಳು ಶೇಕಡ 5ರ ಬದಲಿಗೆ ಶೇಕಡ 70ರವರೆಗೂ ಸುಳ್ಳು ಫಲಿತಾಂಶ ಕೊಡಬಲ್ಲವೆಂದು ಎಕ್ಲುಂಡ್, ನಿಕೋಲ್ಸ್ ಮತ್ತು ಕ್ನುಟ್ಸನ್ 2016ರಲ್ಲಿ ತೋರಿಸಿದರು. ಬುದ್ಧಿಪರೀಕ್ಷೆಗಳಲ್ಲಿಯೂ ಇದೇ ತೊಡಕಿದೆ. 2007ರ ಫ್ರಸ್ಕಾಟಿ ಮಾನದಂಡದಂತೆ ಕನಿಷ್ಠ ಐದು ವಿಭಾಗಗಳನ್ನು ಪರೀಕ್ಷಿಸಿ, ಎರಡರಲ್ಲಿ ಸರಾಸರಿಗಿಂತ ಒಂದು ಪ್ರಮಾಣ ವಿಚಲನೆಯಷ್ಟು ಕಡಮೆಯಾದರೆ ಸೌಮ್ಯ ದೋಷವೆಂದು ಎಣಿಸಬಹುದು. ವಿಭಾಗಗಳು ಪರಸ್ಪರ ಸ್ವತಂತ್ರವೆಂದು ಭಾವಿಸಿ ನಾವು ಲೆಕ್ಕ ಹಾಕಿದರೆ, ಆರೋಗ್ಯವಂತರಲ್ಲಿಯೇ ನೂರಕ್ಕೆ 18 ಮಂದಿ ಈ ಬಲೆಗೆ ಬೀಳುತ್ತಾರೆ.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಅದು ಚಿತ್ರಗಳನ್ನಲ್ಲ, ಬುದ್ಧಿಪರೀಕ್ಷೆಗಳನ್ನು ಆಧರಿಸಿದ್ದು. ನಮ್ಮ ದೇಶದಲ್ಲಿ ಪ್ರಧಾನವಾದ ‘ಸಿ’ ಪ್ರಕಾರದ ವೈರಾಣು ಸೋಂಕಿದ, ಔಷಧ ಇನ್ನೂ ಆರಂಭಿಸದ 119 ಮಂದಿಯನ್ನು ಅವರು ಪರೀಕ್ಷಿಸಿದರು. ಪಾಶ್ಚಾತ್ಯ ಸರಾಸರಿಗಳನ್ನು ಎರವಲು ತರದೆ, ವಯಸ್ಸು, ಲಿಂಗ, ಶಿಕ್ಷಣಗಳಲ್ಲಿ ಸಮಾನರಾದ, ಸೋಂಕಿಲ್ಲದ 126 ಮಂದಿಯಿಂದ ತಮ್ಮ ಅಳತೆಗೋಲನ್ನು ತಾವೇ ರಚಿಸಿಕೊಂಡರು. ಶೇಕಡ 60.5ರಷ್ಟು ಸೋಂಕಿತರಲ್ಲಿ ಸೌಮ್ಯ ಅಥವಾ ಮಧ್ಯಮ ದೋಷ ಕಂಡುಬಂದಿತು. ಹೋಲಿಕೆಯ ಗುಂಪನ್ನು ಹೀಗೆ ಎಚ್ಚರದಿಂದ ಆರಿಸಿದುದು ಮಾದರಿಯಾದ ಕ್ರಮ. ಆದರೂ ಇದು ಸಹ ಒಂದು ಕಾಲದ ಅಳತೆಯೇ. ‘ದೋಷ’ ಎನ್ನಬಹುದು, ‘ಅವನತಿ’ ಎನ್ನಲು ಎರಡನೆಯ ಅಳತೆ ಬೇಕು.

ಇದು ಬರಿಯ ಶಬ್ದಜಿಜ್ಞಾಸೆಯೆಂದು ಯಾರೂ ತಿಳಿಯಬಾರದು. 2017ರ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ಸೋಂಕಿತರನ್ನು ಉದ್ಯೋಗದಿಂದ ತೆಗೆಯುವುದನ್ನು ನಿಷೇಧಿಸುತ್ತದೆ. ಆದರೆ ಆ ವ್ಯಕ್ತಿ ಕೆಲಸಕ್ಕೆ ಅಸಮರ್ಥನೆಂದು ಅರ್ಹ ವೈದ್ಯರು ಬರೆದುಕೊಟ್ಟ ಸಂದರ್ಭಕ್ಕೆ, ಇತರ ನಿಬಂಧನೆಗಳೊಡನೆ, ಅವಕಾಶವನ್ನು ಇಟ್ಟಿದೆ. ಗುಂಪಿನ ಸರಾಸರಿಯಿಂದ ಹುಟ್ಟಿದ ‘ಅವನತಿ’ ಎಂಬ ಮಾತು ಒಬ್ಬ ಗುಮಾಸ್ತನ ಅಥವಾ ಬಸ್ಸಿನ ಚಾಲಕನ ಪ್ರಮಾಣಪತ್ರದೊಳಕ್ಕೆ ನುಸುಳಿದರೆ, ಕಾನೂನು ಕೊಟ್ಟ ರಕ್ಷಣೆಯನ್ನು ಲೆಕ್ಕ ಕಸಿದುಕೊಂಡಂತಾಗುತ್ತದೆ. 26 ಮಂದಿಯ ಸರಾಸರಿ ಇಪ್ಪತ್ತೇಳನೆಯವನ ವಿಷಯದಲ್ಲಿ ತೀರ್ಪು ಹೇಳಲಾರದು.

ಆದುದರಿಂದ ಇಂತಹ ಪ್ರಬಂಧವನ್ನು ಓದುವ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಕೇಳಬೇಕು: ಹೋಲಿಕೆ ಯಾರೊಡನೆ? ಆಕಸ್ಮಿಕಕ್ಕೆ ಎಷ್ಟು ಪಾಲನ್ನು ಕಳೆಯಲಾಗಿದೆ? ಅಳತೆ ಎಷ್ಟು ಬಾರಿ? ಮೂರನೆಯ ಪ್ರಶ್ನೆಗೆ ‘ಒಂದೇ ಬಾರಿ’ ಎಂಬ ಉತ್ತರ ಬಂದಲ್ಲಿ, ಆ ಪ್ರಬಂಧದಿಂದ ವ್ಯತ್ಯಾಸವನ್ನು ಸ್ವೀಕರಿಸಿ, ಅವನತಿಯನ್ನು ಬಿಟ್ಟುಬಿಡುವುದೇ ನ್ಯಾಯ.