ಟ್ಯೂರಿಂಗನ ಕಾಗದದ ಯಂತ್ರ

ಲೋಹವಿಲ್ಲದೆ, ವಿದ್ಯುತ್ತಿಲ್ಲದೆ, ಕೇವಲ ವಿಚಾರದಿಂದಲೇ ನಿರ್ಮಿತವಾದ ಯಂತ್ರಗಳಲ್ಲಿ ಇದಕ್ಕಿಂತ ಸುಂದರವಾದುದನ್ನು ನಾನರಿಯೆನು. 1936ರಲ್ಲಿ, ಇಪ್ಪತ್ತೈದು ತುಂಬದ ಕೇಂಬ್ರಿಜ್ಜಿನ ತರುಣ ಅಲನ್ ಟ್ಯೂರಿಂಗನು, ಗಣಿತವಾಕ್ಯವೊಂದನ್ನು ಸಾಧಿಸಬಹುದೋ ಇಲ್ಲವೋ ಎಂಬುದನ್ನು ಯಾಂತ್ರಿಕವಾಗಿ ನಿರ್ಣಯಿಸುವ ವಿಧಾನವುಂಟೆ ಎಂಬ ಗಣಿತಜ್ಞ ಹಿಲ್ಬರ್ಟನ ಪ್ರಶ್ನೆಗೆ ಉತ್ತರವನ್ನರಸುತ್ತ, ಲೆಕ್ಕ ಮಾಡುವ ಮನುಷ್ಯನು ವಾಸ್ತವವಾಗಿ ಮಾಡುವುದೇನೆಂದು ವಿವೇಚಿಸಿದನು. ಚೌಕಗಳಾಗಿ ವಿಭಕ್ತವಾದ ಕಾಗದದ ಪಟ್ಟಿ, ಪರಿಮಿತವಾದ ಚಿಹ್ನೆಗಳು, ಪರಿಮಿತವಾದ ಮನಃಸ್ಥಿತಿಗಳು. ಒಂದು ಚೌಕವನ್ನು ಓದುವುದು, ಅಳಿಸಿ ಬರೆಯುವುದು, ಎಡಕ್ಕೋ ಬಲಕ್ಕೋ ಸರಿಯುವುದು: ಸಮಸ್ತ ಗಣನೆಯೂ ಇಷ್ಟರಲ್ಲಿಯೇ ಅಡಕವೆಂದು ಅವನು ಕಂಡನು. ಅನ್ಯಯಂತ್ರದ ವರ್ಣನೆಯನ್ನೇ ತನ್ನ ಪಟ್ಟಿಯ ಮೇಲೆ ಓದಿ ಅದರಂತೆ ವರ್ತಿಸಬಲ್ಲ ಸಾರ್ವತ್ರಿಕ ಯಂತ್ರವನ್ನೂ ಕಲ್ಪಿಸಿ, ಅಂಥ ನಿರ್ಣಯವಿಧಾನವು ಅಸಂಭವವೆಂದು ಸಿದ್ಧಪಡಿಸಿದನು.

ತತ್ತ್ವಶಾಸ್ತ್ರದ ವಿದ್ವಾಂಸರು ಹೆಚ್ಚಾಗಿ ಚರ್ಚಿಸುವುದು, 1950ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಪ್ರಕಟವಾದ, ಯಂತ್ರವು ಚಿಂತಿಸಬಲ್ಲುದೆ ಎಂಬ ಅವನ ಪ್ರಬಂಧವನ್ನು. ಯಂತ್ರದಿಂದ ಹೊಸತೇನೂ ಹುಟ್ಟದೆಂಬ ಗಣಿತಜ್ಞೆ ಲೇಡಿ ಲವ್‌ಲೇಸಳ ಆಕ್ಷೇಪಕ್ಕೆ, ಯಂತ್ರಗಳು ತನ್ನನ್ನು ಪದೇ ಪದೇ ಚಕಿತಗೊಳಿಸುತ್ತವೆಂದು ಅಲ್ಲಿ ಅವನಿತ್ತ ಉತ್ತರವು ಮನೋಹರವೇ ಸರಿ. ಆದರೂ ತತ್ತ್ವವಿಚಾರದ ದೃಷ್ಟಿಯಿಂದ ಈ ಯಂತ್ರವನ್ನು ಕುರಿತ 1936ರ ಪ್ರಬಂಧವೇ ಶ್ರೇಷ್ಠವೆಂಬುದು ನನ್ನ ದೃಢವಾದ ಮತ. ಮನಸ್ಸನ್ನು ಕುರಿತು ಬೋಧಿಸುವ ಪ್ರತಿಯೊಂದು ತರಗತಿಯಲ್ಲಿಯೂ, ಗಣಿತದ ಕಾಠಿನ್ಯಕ್ಕಂಜದೆ, ಅದನ್ನು ಮೂಲದಲ್ಲಿಯೇ ಓದಿಸತಕ್ಕದ್ದು.