ರೋರಿಕರ ಹಿಮಾಲಯ: ಪುನರುಕ್ತಿಯ ಪ್ರಶ್ನೆ

ನಿಕೊಲಾಯ್ ರೋರಿಕರ ಹಿಮಾಲಯ ಚಿತ್ರಗಳನ್ನು ಸಾಲಾಗಿ ಕಂಡವರಲ್ಲಿ ಒಂದು ಆಕ್ಷೇಪ ಹುಟ್ಟುವುದು ಸಹಜ. ಅದೇ ಶಿಖರ, ಅದೇ ನೀಲಿ, ಅದೇ ನೇರಿಳೆ; ಹತ್ತನ್ನು ನೋಡಿದವನು ಹನ್ನೊಂದನೆಯದರಲ್ಲಿ ಕಾಣಬೇಕಾದುದೇನು? ಇದನ್ನು ಭಕ್ತಿಯ ಮಾತಿನಿಂದ ತಳ್ಳಿಹಾಕಬಹುದು; ಆದರೆ ಅದು ವಿಮರ್ಶೆಯಾಗದು.

೧೮೭೪ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ರೋರಿಕರು, ಬೆಳಕನ್ನೇ ವಸ್ತುವಾಗಿಸಿಕೊಂಡಿದ್ದ ಕುಯಿಂಜಿಯವರ ಶಿಷ್ಯರು. ೧೯೨೩ರ ಕೊನೆಯಲ್ಲಿ ಭಾರತಕ್ಕೆ ಬಂದರು. ಮಧ್ಯ ಏಷ್ಯದ ದೀರ್ಘಯಾತ್ರೆಯನ್ನು ಮುಗಿಸಿ, ೧೯೨೮ರಲ್ಲಿ ಕುಲ್ಲು ಕಣಿವೆಯ ನಗ್ಗರಿನಲ್ಲಿ ನೆಲಸಿದರು. ನಡುನಡುವೆ ಹೊರನಾಡುಗಳಿಗೆ ಹೋದರೂ ಮರಳಿದುದು ಅಲ್ಲಿಗೇ. ೧೯೪೭ರ ಡಿಸೆಂಬರಿನಲ್ಲಿ ತೀರಿಕೊಂಡುದೂ ಅಲ್ಲಿಯೇ.

ನಮ್ಮ ಪ್ರೌಢಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಪರ್ವತವರ್ಣನೆಯೂ ಒಂದು. ನಿಯಮಕ್ಕಾಗಿ ವರ್ಣಿಸಿದ ಪರ್ವತಕ್ಕೂ ಕಂಡು ವರ್ಣಿಸಿದ ಪರ್ವತಕ್ಕೂ ಇರುವ ಅಂತರವನ್ನು ಅವುಗಳ ಓದುಗರು ಬಲ್ಲರು. ರೋರಿಕರಲ್ಲಿ ಈ ಎರಡು ಬಗೆಯೂ ಉಂಟು. ೧೯೨೪ರ ‘ಅನ್ವೇಷಣೆಯ ಮುತ್ತು’ ಎಂಬ ಚಿತ್ರದಲ್ಲಿ ಗುರುಶಿಷ್ಯರಿಬ್ಬರು ಹಾರವೊಂದನ್ನು ಪರೀಕ್ಷಿಸುತ್ತಾರೆ. ಹಿಂದೆ ಮೋಡಗಳ ಮೇಲೆ ಹಿಮಶಿಖರ. ರಚನೆ ಗಂಭೀರವಾದುದು, ಸಂದೇಹವಿಲ್ಲ. ಆದರೆ ಅಲ್ಲಿ ಪರ್ವತಕ್ಕೆ ತನ್ನದೆಂಬ ಮಾತಿಲ್ಲ. ಅದು ತತ್ತ್ವಕ್ಕೆ ಸಾಕ್ಷಿಯಾಗಿ ನಿಂತಿದೆ. ಇಂತಹ ಚಿತ್ರಗಳ ವಿಷಯದಲ್ಲಿ ಆಕ್ಷೇಪ ನ್ಯಾಯವಾದುದೇ. ಅರ್ಥ ಮೊದಲೇ ಗೊತ್ತಾಗಿರುವಲ್ಲಿ ಪುನರುಕ್ತಿ ಬೇಸರ ತರುತ್ತದೆ.

ಮನುಷ್ಯಾಕೃತಿಗಳಿಲ್ಲದ ಸಣ್ಣ ಅಧ್ಯಯನಚಿತ್ರಗಳ ಮಾತು ಬೇರೆ. ಟೆಂಪೆರಾ ಬಣ್ಣ ಬೇಗನೆ ಒಣಗುತ್ತದೆ. ತೈಲವರ್ಣದ ಹೊಳಪು ಅದಕ್ಕಿಲ್ಲ. ಬಣ್ಣಗಳನ್ನು ಒಂದರೊಳಗೊಂದು ನಿಧಾನವಾಗಿ ಬೆರೆಸಲು ಅದು ಅವಕಾಶ ಕೊಡದು. ಅಗಲವಾದ ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಇರಿಸಿ ಕೈಬಿಡಬೇಕು. ಈ ನಿರ್ಬಂಧವೇ ಇಲ್ಲಿ ಗುಣವಾಗಿದೆ. ಬುಡವನ್ನು ಮಂಜು ನುಂಗಿದೆ, ನಡುವಿನ ಏಣು ಇನ್ನೂ ಕತ್ತಲಲ್ಲಿದೆ, ತುದಿಗೆ ಮಾತ್ರ ಬಿಸಿಲು ತಾಕಿದೆ. ಅಷ್ಟರಲ್ಲಿ ಚಿತ್ರ ಮುಗಿದಿದೆ. ಶಿಖರ ಸ್ಥಿರವಾಗಿರುವುದರಿಂದಲೇ ಬೆಳಕಿನ ಚಲನೆ ನಮಗೆ ತಿಳಿಯುತ್ತದೆ. ಇಲ್ಲಿ ಹನ್ನೊಂದನೆಯ ಚಿತ್ರ ಹತ್ತನೆಯದರ ನಕಲಲ್ಲ, ಮರುದಿನದ ವರದಿ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ನಿಕೊಲಾಯ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕರ ಕೃತಿಗಳ ಸಂಗ್ರಹವಿದೆ. ಊರಿಗೆ ಹೋದಾಗ ವಾಚಕರು ಈ ಭೇದವನ್ನು ತಾವೇ ಪರೀಕ್ಷಿಸಬಹುದು. ಪರಸ್ಥಳದಲ್ಲಿ ನೆಲಸಿದವನಿಗೆ ಆ ಸ್ಥಳ ಎರಡು ಬಗೆಯಲ್ಲಿ ದೊರೆಯುತ್ತದೆ: ತಾನು ಹೊತ್ತು ತಂದ ಅರ್ಥವಾಗಿ, ಇಲ್ಲವೆ ದಿನದಿನದ ನೋಟವಾಗಿ. ರೋರಿಕರ ಕೀರ್ತಿ ಮೊದಲನೆಯದರಿಂದ ಬಂದಿರಬಹುದು. ಅವರ ಕಲೆ ಉಳಿಯುವುದು ಎರಡನೆಯದರಿಂದ.